ಗಟ್ಟಿಯಾಗಿರುವುದು ಅಂದರೆ ಅಳದೇ ಇರುವುದಾ?

ಪ್ರಶ್ನೆ: ಮೇಡಂ, ಅಪ್ಪ ತೀರಿಕೊಂಡು ಐದು ತಿಂಗಳಾಯಿತು. ಅದರ ಹಿಂದೆಯೇ ನನ್ನ ಕೆಲಸವೂ ಹೋಯಿತು. ಮನೆಗೆ ನಾನೇ ದೊಡ್ಡ ಮಗಳು. 'ನೀನು ಗಟ್ಟಿಯಾಗಿರಬೇಕು' ಅಂತ ಎಲ್ಲರೂ ಹೇಳುತ್ತಾರೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಅಮ್ಮ, ತಮ್ಮ ಮಲಗಿದ ಮೇಲೆ ಒಬ್ಬಳೇ ಅಳುತ್ತೇನೆ. ಮನೋಬಲ ಅನ್ನುವುದು ಹುಟ್ಟಿನಿಂದಲೇ ಬರುತ್ತದಾ? ನನಗೆ ಇಲ್ಲವೇನೋ ಅನ್ನಿಸುತ್ತಿದೆ.

ಉತ್ತರ (ಆಪ್ತ ಸಮಾಲೋಚಕಿ): ಐದು ತಿಂಗಳಲ್ಲಿ ಎರಡು ಪೆಟ್ಟು ತಿಂದಿದ್ದೀರಿ. ಆದರೂ ದಿನಾ ಎದ್ದು ಮನೆ ನೋಡಿಕೊಳ್ಳುತ್ತಿದ್ದೀರಿ, ಅಲ್ವಾ? ಅದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಅಳುವುದಕ್ಕೂ ಮನೋಬಲ ಇಲ್ಲದಿರುವುದಕ್ಕೂ ಸಂಬಂಧವಿಲ್ಲ.

ಹುಟ್ಟಿದ ಸ್ವಭಾವದ ಪಾಲು ಸ್ವಲ್ಪ ಇದೆ, ನಿಜ. ಆದರೆ ಅದೊಂದೇ ಅಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ತಂಡದವರು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯಲ್ಲಿ ಜಗಳ, ಹೆತ್ತವರ ಕಾಯಿಲೆ, ಹೀಗೆ ಒಂದರ ಮೇಲೊಂದು ಕಷ್ಟ ಕಂಡ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದು ನಿಂತರು. ಅವರಿಗೆ ನೆಚ್ಚಿಕೊಳ್ಳಲು ಒಬ್ಬರಾದರೂ ಇದ್ದರು. ಅಜ್ಜಿ ಇರಬಹುದು, ಟೀಚರ್ ಇರಬಹುದು. ನನಗೆ ಜಾಸ್ತಿ ಧೈರ್ಯ ಕೊಡುವುದು ಉಳಿದವರ ಕಥೆ. ಹದಿಹರೆಯದಲ್ಲಿ ಎಡವಿದವರಲ್ಲೂ ಹೆಚ್ಚಿನವರು ಮೂವತ್ತು, ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು.

ಅದಕ್ಕೇ ಕೇಳುತ್ತೇನೆ, ನೀವು ಯಾರ ಮುಂದೆ ಅಳಬಹುದು?

ಪ್ರಶ್ನೆ: ಅಮ್ಮನ ಮುಂದೆ ಅತ್ತರೆ ಅವರು ಇನ್ನೂ ಕುಗ್ಗಿಹೋಗುತ್ತಾರೆ. ಒಬ್ಬಳು ಗೆಳತಿ ಇದ್ದಾಳೆ. ಅವಳಿಗೆ ಸುಮ್ನೆ ಯಾಕೆ ಹೊರೆ ಅಂತ ಹೇಳಿಕೊಂಡಿಲ್ಲ.

ಉತ್ತರ: ಅಮ್ಮನೂ ಇದೇ ಭಯಕ್ಕೆ ನಿಮ್ಮ ಮುಂದೆ ಅಳದೆ ಇರಬಹುದು. ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅಳುವ ತಾಯಿ ಮಕ್ಕಳನ್ನು ತುಂಬ ನೋಡಿದ್ದೇನೆ. ಅಪ್ಪನ ಹಳೇ ಮಾತೊಂದನ್ನು ನೀವೇ ತೆಗೆಯಿರಿ. ಇಬ್ಬರಿಗೂ ಕಣ್ಣೀರು ಬಂದರೆ ಬರಲಿ.

ಗೆಳತಿಗೆ ನೇರವಾಗಿ ಹೇಳಿ: 'ಪರಿಹಾರ ಏನೂ ಬೇಡ, ಹತ್ತು ನಿಮಿಷ ಕೇಳಿಸಿಕೋ.' ಇಷ್ಟು ಹೇಳಿದರೆ ಕೇಳುವವರಿಗೂ ಹಗುರ.

ಕೆಲಸ ಹುಡುಕಲು ಮನಸ್ಸು ಬರಲಿ ಅಂತ ಕಾಯಬೇಡಿ. ದಿನಕ್ಕೆ ಒಂದೇ ಅರ್ಜಿ ಹಾಕಿ. ಎಷ್ಟೋ ಸಲ ಕೈ ಹಚ್ಚಿದ ಮೇಲೆಯೇ ಮನಸ್ಸು ಬರುವುದು.

ಒಂದು ಮಾತು ಮಾತ್ರ ಮರೆಯಬೇಡಿ. ಎರಡು ವಾರ ಸತತವಾಗಿ ನಿದ್ದೆ, ಹಸಿವು ಇಲ್ಲದೆ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರನ್ನು ಕಾಣಿ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಬೇಡ, ಅವತ್ತೇ ಹೋಗಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಪ್ರಶ್ನೆ: ಅಷ್ಟು ಕೆಟ್ಟದಾಗಿ ಅನ್ನಿಸಿಲ್ಲ ಮೇಡಂ. ಗೆಳತಿಗೆ ಈಗಷ್ಟೇ ಮೆಸೇಜ್ ಹಾಕಿದೆ. ಇನ್ನೂ ಉತ್ತರ ಬಂದಿಲ್ಲ.

ಉತ್ತರ: ಒಳ್ಳೆಯದು ಮಾಡಿದಿರಿ. ನಾಳೆ ಸಂಜೆಯವರೆಗೂ ಬರದಿದ್ದರೆ ಫೋನೇ ಮಾಡಿ.