ಚಿಕ್ಕಪ್ಪ, ಆ ಪೆನ್ಶನ್ ಫಾರ್ವರ್ಡ್ ಬಗ್ಗೆ

ಚಿಕ್ಕಪ್ಪ, ಬೆಳಿಗ್ಗೆ ಗ್ರೂಪಿಗೆ ಹಾಕಿದ್ದಿರಲ್ಲ, 'ಪೆನ್ಶನ್ ಕಾನೂನು ಬದಲಾಗ್ತಿದೆ, ಇರೋ ದುಡ್ಡೆಲ್ಲ ಈಗಲೇ ತೆಗೆದುಬಿಡಿ' ಅಂತ, ಅದಕ್ಕೇ ಈ ಉತ್ತರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಏನನ್ನೂ ತೆಗೆಯಬೇಡಿ. ಮಂತ್ರಿ ಭಾಷಣದಲ್ಲಿ ಹೇಳಿದ್ದು ಬೇರೆ, ಮಸೂದೆ ಬೇರೆ, ಅದು ಪಾಸಾಗಿ ಜಾರಿಗೆ ಬರುವುದು ಇನ್ನೂ ಬೇರೆ. ಬಂದ ಮೇಲೂ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ಫ್ರಾನ್ಸ್‌ನಲ್ಲಿ 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಕಾನೂನು ಮಾಡಿದರು, ಅದೂ ಕೆಳಮನೆಯಲ್ಲಿ ಕೊನೆಯ ಮತಕ್ಕೆ ಹಾಕದೆಯೇ, ಜನ ಬೀದಿಗಿಳಿದರು, 2025ರಲ್ಲಿ ಸರ್ಕಾರಗಳೇ ಅಲುಗಾಡಿ ಅದಕ್ಕೆ ತಡೆ ಬಿತ್ತು.

ದುಡ್ಡು ತೆಗೆಯುವ ವಿಷಯಕ್ಕೆ ಚಿಲಿ ನೋಡಿ. ಕೊರೊನಾ ಹೊತ್ತಲ್ಲಿ, 2020–21ರಲ್ಲಿ, ಮೂರು ಸಲ ಕಾನೂನು ಮಾಡಿ ಪ್ರತಿ ಸಲ ಪೆನ್ಶನ್ ಖಾತೆಯಿಂದ ಶೇ 10 ತೆಗೆಯಲು ಬಿಟ್ಟರು. ಕಡಿಮೆ ಇದ್ದವರು ಪೂರ್ತಿ ತೆಗೆಯಬಹುದಿತ್ತು. ತೆಗೆದರು. ಲಕ್ಷಗಟ್ಟಲೆ ಖಾತೆ ಸೊನ್ನೆಯಾಯಿತು.

ನನಗೆ ಜಾಸ್ತಿ ಸಂಕಟ ಆಗುವುದು ಬ್ರಿಟನ್ ಹೆಂಗಸರದ್ದು. ಅವರಿಗೆ 60ಕ್ಕೇ ಸರ್ಕಾರಿ ಪೆನ್ಶನ್ ಸಿಗುತ್ತಿತ್ತು. 1995ರ ಕಾನೂನಿನಲ್ಲಿ ಅದನ್ನು 2010ರಿಂದ 2020ರೊಳಗೆ ಮೆಲ್ಲಗೆ 65 ಮಾಡುವುದು ಅಂತಾಯಿತು. ಸರಿ, ಟೈಮ್ ಇದೆ ಅಲ್ವಾ? 2011ರಲ್ಲಿ ಇನ್ನೊಂದು ಕಾನೂನು ತಂದು ಆ 65ನ್ನು 2018ಕ್ಕೇ ಎಳೆದರು, 2020ಕ್ಕೆ 66. 1950ರ ದಶಕದಲ್ಲಿ ಹುಟ್ಟಿದ ಎಷ್ಟೋ ಜನ, ನಮಗೆ ಹೊತ್ತಿಗೆ ಸರಿಯಾಗಿ ತಿಳಿಸಲೇ ಇಲ್ಲ ಅಂತ ವರ್ಷಗಟ್ಟಲೆ ಹೋರಾಡಿದ್ದಾರೆ. ಗುಟ್ಟಾಗಿ ಮಾಡಿದ ಕಾನೂನೇನಲ್ಲ, ಆದರೆ ಸಂಸತ್ತಿನ ನಡಾವಳಿ ಓದುತ್ತಾ ಕೂರುವವರು ಯಾರು? ನಾನಂತೂ ಅಲ್ಲ.

ಹಾಗಾಗಿ ಹೊಸ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ತಾರೀಖು. ಯಾವತ್ತಿನಿಂದ, ಯಾರಿಗೆ? ನಮ್ಮ ಕೇಂದ್ರ ಸರ್ಕಾರಿ ನೌಕರಿಯಲ್ಲಿ ಸೇನೆಯವರನ್ನು ಬಿಟ್ಟು 2004 ಜನವರಿ 1ರಿಂದ ಸೇರಿದವರಿಗೆ ಎನ್‌ಪಿಎಸ್ (ಕೆಲಸದಲ್ಲಿದ್ದಾಗ ಕಟ್ಟಿದ ದುಡ್ಡಿನ ಮೇಲೆ ನಿಂತ ಹೊಸ ಪೆನ್ಶನ್), ಅದಕ್ಕೆ ಮುಂಚಿನವರಿಗೆ ಹಳೇ ಪೆನ್ಶನ್. ಒಂದು ದಿನದ ಅಂತರಕ್ಕೆ ಇಡೀ ಲೆಕ್ಕವೇ ಬೇರೆ! ನಿಮ್ಮ ಫಾರ್ವರ್ಡಿನಲ್ಲಿ ತಾರೀಖೂ ಇಲ್ಲ, ಕಾಯ್ದೆಯ ಹೆಸರೂ ಇಲ್ಲ, ಸುಮ್ನೆ ಗಾಬರಿ ಅಷ್ಟೇ.

ಪೆನ್ಶನ್ ಎರಡು ವರ್ಷ ತಡವಾದರೆ ಮನೆ ಹೇಗೆ ನಡೆಯುತ್ತದೆ ಅಂತ ಬೇಕಾದರೆ ಒಂದು ಲೆಕ್ಕ ಹಾಕಿಡೋಣ. ಹುಟ್ಟಿದ ತಾರೀಖು, ಕೆಲಸಕ್ಕೆ ಸೇರಿದ ತಾರೀಖು ನನಗೆ ಮಾತ್ರ ಕಳಿಸಿ, ಗ್ರೂಪಿಗೆ ಬೇಡ. ಅಂದಹಾಗೆ ಯಾವ ಫಾರ್ಮಿಗೂ ಸಹಿ ಹಾಕಿಲ್ಲ ತಾನೇ?