ಟ್ಯಾಂಕಿನ್ಯಾಗ ಕ್ಲೋರಿನ್ ಐತಿ, ಕೊನೀ ನಳದ ಬಾಟಲಿ ಮಾತ್ರ ಕಪ್ಪಾಗತೈತಿ

ನೀರಗಂಟಿ_ಜಮಖಂಡಿ
50 ಸಾವಿರ ಲೀಟರ್ ಓವರ್‌ಹೆಡ್ ಟ್ಯಾಂಕ್, ಬೋರ್ ನೀರು, ಪಿಎಚ್ 8.3. ದಿನಾ ಮುಂಜಾನೆ 300 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕ್ತೀವಿ. ಟ್ಯಾಂಕ್ ಬುಡದ ನಳದಾಗ ಹಳದಿ ಬಣ್ಣದ ಕ್ಲೋರಿನ್ ಪರೀಕ್ಷೆ ಲೀಟರಿಗೆ 0.5 ಮಿಲಿಗ್ರಾಂ ತೋರಸತೈತಿ, ಓಣಿ ಕೊನೀಗೆ 0.2. ಆದ್ರೂ ಅಲ್ಲಿ ತುಂಬಿದ ಎಚ್2ಎಸ್ ಬಾಟಲಿ (ನೀರಿನ್ಯಾಗ ಹೊಲಸಿನ ಬ್ಯಾಕ್ಟೀರಿಯಾ ಇದ್ರ ಕಪ್ಪಾಗೋ ಪರೀಕ್ಷಾ ಬಾಟಲಿ) 24 ತಾಸಿನೊಳಗ ಕಪ್ಪಾಗತೈತಿ. ನೀರು ಎರಡು ದಿನಕ್ಕೊಮ್ಮೆ ಬಿಡ್ತೀವಿ. ಕ್ಲೋರಿನ್‌ಗೆ ಸಾಯದ ಬ್ಯಾಕ್ಟೀರಿಯಾ ಇರತಾವಂತ, ಪೌಡರ್ ದುಪ್ಪಟ್ಟು ಮಾಡಿದ್ರ ಆಗತೈತೇನ್ರಿ?

ಲ್ಯಾಬ್_ಬಾಗಲಕೋಟೆ
ಮೊದಲ ಆ 0.5 ಖರೇನ ನೋಡ್ರಿ. ಹಳದಿ ಬಣ್ಣ ಕೊಡೋದು ಆರ್ಥೊಟೊಲಿಡಿನ್. ಹನಿ ಹಾಕಿದ 5–10 ಸೆಕೆಂಡಿನೊಳಗ ಓದಬೇಕು. ತಡಾ ಮಾಡಿದ್ರ ಅಮೋನಿಯಾ ಜೋಡಿ ಕೂಡಿಕೊಂಡ ಕ್ಲೋರಿನ್ನೂ ಬಣ್ಣ ಕೊಡತೈತಿ, ಅದರ ಕೊಲ್ಲೋ ಶಕ್ತಿ ಭಾಳ ಕಡಿಮಿ. ಡಿಪಿಡಿ ಅನ್ನೋ ಇನ್ನೊಂದು ಕ್ಲೋರಿನ್ ಪರೀಕ್ಷೆಯ 1ನೇ ನಂಬರ್ ಗುಳಿಗಿಯ ಗುಲಾಬಿ ಬಣ್ಣ ನಂಬಬಹುದು. ಇನ್ನ ನಿಮ್ಮ ಪಿಎಚ್ 8.3ಕ್ಕ ಕ್ಲೋರಿನ್ನಿನ ಸುಮಾರು ಏಳನೇ ಒಂದು ಪಾಲು ಅಷ್ಟ ಜೋರಾಗಿ ಕೆಲಸ ಮಾಡೋ ರೂಪದಾಗ ಇರತೈತಿ. ಅದಕ್ಕ ಪೌಡರ್ ಹಾಕಿ ಒಂದು ತಾಸರ ಬಿಟ್ಟು ಆಮೇಲೆ ವಾಲ್ವ್ ತೆರೀರಿ.

ಮುಖ್ಯ ಮಾತು: ಕೊನೀ ನಳದ ನೀರಿನ್ಯಾಗ ಇ. ಕೋಲಿ (ಮಲದಾಗಿರೋ ಬ್ಯಾಕ್ಟೀರಿಯಾ) ಐತೇನು ಅಂತ ಲ್ಯಾಬಿನಾಗ ನೋಡಸ್ರಿ. ಇ. ಕೋಲಿ ಕ್ಲೋರಿನ್‌ಗೆ ಲಗೂನ ಸಾಯೋ ಜಾತಿ. ಅದು ಸಿಕ್ತಂದ್ರ ನಡುವ ಎಲ್ಲೋ ಗಟಾರ ನೀರು ಪೈಪಿಗೆ ಸೇರಾಕತ್ತೈತಿ ಅಂತ ತಿಳೀರಿ. ನೀರು ಬಂದ್ ಇದ್ದಾಗ ಪೈಪು ಖಾಲಿ ಆಗಿ ಸೋರೋ ಜಾಯಿಂಟಿನಿಂದ ಹೊರಗಿನ ಹೊಲಸ ಎಳಕೊಳ್ತೈತಿ. ಹುಬ್ಬಳ್ಳಿ-ಧಾರವಾಡದಾಗ ಸತತ ಬರೋ ನೀರನ್ನೂ ಬಿಟ್ಟು ಬಿಟ್ಟು ಬರೋ ನೀರನ್ನೂ ಹೋಲಿಸಿ 2013ರಾಗ ಪ್ರಕಟ ಆದ ಅಧ್ಯಯನದಾಗೂ ಬಿಟ್ಟು ಬಿಟ್ಟು ಬರೋ ನೀರಿನ್ಯಾಗ ಇ. ಕೋಲಿ ಹೆಚ್ಚು ಸಿಕ್ಕಿತ್ತು. ಗಟಾರದಾಗ ಹಾಯ್ದ ಮನಿ ಕನೆಕ್ಷನ್ ಪೈಪುಗಳನ್ನ ಮೊದಲು ನೋಡ್ರಿ.

ಜಲಮಿತ್ರ_ವಿಜಯಪುರ
ಇ. ಕೋಲಿ ಇಲ್ಲ, ಒಟ್ಟು ಬ್ಯಾಕ್ಟೀರಿಯಾ ಎಣಿಕೆ ಮಾತ್ರ ಜಾಸ್ತಿ ಅದ ಅಂದ್ರ ಅದು ಪೈಪಿನೊಳಗ ಬ್ಯಾಕ್ಟೀರಿಯಾ ಕೂಡಿ ಕಟ್ಟಿದ ಲೋಳಿಯ ಕೆಲಸ. ವಾಶ್‌ಔಟ್ (ಲೈನ್ ತೊಳದ ನೀರು ಹೊರಗ ಬಿಡೋ ವಾಲ್ವ್) ಕಡೆ ಪೈಪ್ ಬಿಚ್ಚಿ ಒಳಗ ಬೆರಳಾಡಸ್ರಿ: ಕೆಳಗ ಸುಣ್ಣದ ಖರಚಲ ಪದರ, ಮ್ಯಾಲೆ ಲೋಳಸರ ಕೊಯ್ದಂಗ ಜಾರೋ ಪದರ. ಕ್ಲೋರಿನ್ ಮ್ಯಾಲಿನ ಪದರದಾಗ ಖರ್ಚಾಗಿ ಹೋಗ್ತದ, ಕೆಳಗಿನವು ಉಳೀತಾವ. ಮೈಕೊಬ್ಯಾಕ್ಟೀರಿಯಂ ಅನ್ನೋ ಜಾತಿಗೆ ಮ್ಯಾಣದಂಥ ಹೊದಿಕೆ ಬ್ಯಾರೆ, ಬ್ಯಾಸಿಲಸ್ ಅನ್ನೋ ಜಾತಿಗೆ ಬೀಜಕದ ಕವಚ. ಅದಕ್ಕ ತಿಕ್ಕದ ಪೌಡರ್ ಅಷ್ಟ ಹೆಚ್ಚು ಮಾಡೋದು ದಂಡ.

ಟ್ಯಾಂಕ್ ಖಾಲಿ ಮಾಡಿ ಗ್ವಾಡಿ ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ರಾಡಿ ಟ್ಯಾಂಕ್ ಬುಡದ ಸ್ಕೌರ್ ವಾಲ್ವಿನಿಂದ ಬಿಡ್ರಿ. ಆಮೇಲೆ 10 ಲೀಟರ್ ಬಕೀಟಿಗೆ 8 ಗ್ರಾಂ ಪೌಡರ್ (25 ಪರ್ಸೆಂಟ್ ಕ್ಲೋರಿನ್ ಇರೋದು) ಕಲಸಿ ಗ್ವಾಡಿಗೆ ಬಳದು ಅರ್ಧಾ ತಾಸು ಬಿಟ್ಟು ತೊಳೀರಿ. ಒಳಗ ಇಳದವರು ಮಾಸ್ಕ್, ಕೈಗವಸ ಹಾಕಿರಬೇಕು, ಮುಚ್ಚಳ ತೆರೆದಿರಬೇಕು, ಮ್ಯಾಲೆ ಒಬ್ಬರು ನಿಂತಿರಲೇಬೇಕು.

ಪೈಪಿಗೆ: 110 ಎಂಎಂ ಪೈಪ್ ಮೀಟರಿಗೆ ಸುಮಾರು 8 ಲೀಟರ್ ಹಿಡೀತದ. ಮೊದಲು ವಾಶ್‌ಔಟ್ ಪೂರಾ ತೆರೆದು ಜೋರಾಗಿ ನೀರು ಹರಸ್ರಿ. ನಂತರ 10 ಸಾವಿರ ಲೀಟರಿಗೆ 1 ಕೆಜಿ ಪೌಡರಿನ ತಿಳಿನೀರು ಸೇರಿಸಿ ಲೈನ್ ತುಂಬಿ 24 ತಾಸು ಇಡ್ರಿ. ಅವತ್ತು ಯಾರೂ ನಳ ತೆರೀಬಾರದು, ಡಂಗುರ ಹೊಡಸ್ರಿ. ಮರುದಿನ ಕೊನೀ ನೀರು ಒಂದು ಪಾಲಿಗೆ ಡಿಸ್ಟಿಲ್ಡ್ ವಾಟರ್ ಒಂಬತ್ತು ಪಾಲು ಕೂಡಿಸಿ ಕ್ಲೋರಿನ್ ಪರೀಕ್ಷೆ ಮಾಡ್ರಿ. 1ಕ್ಕಿಂತ ಕಡಿಮಿ ಬಂದ್ರ ಲೋಳಿ ಇನ್ನೂ ಅದ, ಮತ್ತೊಮ್ಮೆ ಮಾಡಬೇಕು. ಆ ನೀರನ್ನ ಕೆರಿಗಿ, ದನದ ತೊಟ್ಟಿಗಿ ಬಿಡಬ್ಯಾಡ್ರಿ.

ನೀರಗಂಟಿ_ಜಮಖಂಡಿ
ಪೌಡರ್ ಚೀಲ ಬಿಚ್ಚಿ ಮೂರು ತಿಂಗಳಾತು, ಪಂಪ್‌ಹೌಸಿನ ತಗಡಿನ ಕೆಳಗ ಐತ್ರಿ.

ಲ್ಯಾಬ್_ಬಾಗಲಕೋಟೆ
ನಮ್ಮ ಬಿಸಲಿಗೆ ಅದರ ಶಕ್ತಿ ಎಷ್ಟ ಉಳದೈತೋ ಅಳದ ನೋಡಬೇಕು. ಹೊಸಾದು ತರ್ರಿ, ಮುಚ್ಚಳ ಬಿಗಿ ಇರೋ ಪ್ಲಾಸ್ಟಿಕ್ ಡಬ್ಬಿಯೊಳಗ ತಂಪಿನ ಜಾಗಾದಾಗ ಇಡ್ರಿ. ಲ್ಯಾಬಿಗೆ ಮಾದರಿ ತರೋ ಬಾಟಲಿಯೊಳಗ ಸೋಡಿಯಂ ಥಯೋಸಲ್ಫೇಟ್ ಇರಬೇಕು, ಇಲ್ಲಂದ್ರ ದಾರಿ ತುಂಬ ಕ್ಲೋರಿನ್ ಕೆಲಸ ಮಾಡಿ ವರದಿ ಚಲೋ ಬರತೈತಿ. ಐಸ್ ಡಬ್ಬಿಯೊಳಗಿಟ್ಟು 6 ತಾಸಿನೊಳಗ ಮುಟ್ಟಸ್ರಿ. ಅಲ್ಲೀತನಕ ಆ ಓಣಿಯವರು ನೀರು ಕುದಿಸೇ ಕುಡೀಲಿ.