ಪದ ಬೇಕಿದೆ: ಬೇಟೆಗೆ ಹೊರಡುವ ಮುಂಚಿನ ಸಿದ್ಧತೆಗೆ ಏನೆನ್ನುವುದು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಡೆಯಲಿರುವ ಹಳೆಯ ಛಾಯಾಚಿತ್ರಗಳ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕು, ಒಂದು ಫಲಕ ಮಾತ್ರ ಬಾಕಿ. ಒಡೆಯರ ಕಾಲದ ಬೇಟೆ ಬಿಡಾರದ ಚಿತ್ರ ಅದು. ಒಬ್ಬ ಕೇಪಿನ ಕೋವಿಯ ನಳಿಗೆ ಒರೆಸುತ್ತಿದ್ದಾನೆ, ಇನ್ನೊಬ್ಬ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾನೆ, ಹಿಂದೆ ಮರದ ಮೇಲೆ ಮಚಾನು, ಅಂದರೆ ಬೇಟೆಗಾರರು ಕಾದು ಕೂರುವ ಅಟ್ಟಣೆ. ಇಂಗ್ಲಿಷ್ ಶೀರ್ಷಿಕೆಯ ಒಂದೇ ಮಾತು ಕೋವಿಗೂ ಸಲ್ಲುತ್ತದೆ, ಆಳಿಗೂ ಸಲ್ಲುತ್ತದೆ. ಕನ್ನಡದಲ್ಲಿ ‘ಸಿದ್ಧಪಡಿಸು’ ಎಂದರೆ ಕೋವಿಗಷ್ಟೇ, ‘ಸಿದ್ಧನಾಗು’ ಎಂದರೆ ಆಳಿಗಷ್ಟೇ. ‘ಶಿಕಾರಿ ತಯಾರಿ’ ಎಂದು ಬರೆದಿಟ್ಟಿದ್ದೇನೆ, ಸಮಾಧಾನವಿಲ್ಲ. ಮಚಾನು ಹಾಗೆಯೇ ಇರಲೇ?

ಉತ್ತರ:

‘ಶಿಕಾರಿ’ ಪಾರಸಿ. ‘ತಯಾರಿ’ ಅರಬ್ಬಿ ಮೂಲದ್ದು. ‘ಮಚಾನು’ ಹಿಂದಿಯಿಂದ ಬಂದದ್ದು. ಮೂರೂ ಬೇಡ. ಹಳಗನ್ನಡದ ‘ಬೇಂಟೆ’ಯಿಂದ ಇಳಿದ ‘ಬೇಟೆ’ ಇರುವಾಗ ಎರವಲು ಯಾಕೆ? ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪು ಆ ಕಲ್ಲಿನಲ್ಲಿದೆ. ಅದನ್ನು ಬರೆಸಿದವರಿಗೆ ಪಾರಸಿಯ ಹಂಗು ಇರಲಿಲ್ಲ. ‘ಬೇಟೆ ಸಾಮಾನಿನ ಅಣಿ’ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮತ್ತೊಬ್ಬರ ಉತ್ತರ:

ಚರ್ಚೆಗೆ ಇದೆ. ನೀವು ಸೂಚಿಸಿದ ‘ಸಾಮಾನು’ ಕೂಡ ಪಾರಸಿಯೇ. ಅಂಥ ಪದವನ್ನು ಕನ್ನಡವೆಂದು ನಂಬಿ ಬಳಸುತ್ತೀರಿ, ‘ಶಿಕಾರಿ’ಯನ್ನು ಮಾತ್ರ ಹೊಸ್ತಿಲಲ್ಲೇ ತಡೆಯುತ್ತೀರಿ. ಇದು ಯಾವ ನ್ಯಾಯ?

ಚಿತ್ರದಲ್ಲಿರುವ ಕೋವಿಯನ್ನೇ ನೋಡಿ. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜವೆಂಬ ಉದ್ದ ಸಲಾಕೆಯಿಂದ ಜಡಿದು, ಚರೆ ಎಂಬ ಸಣ್ಣ ಗುಂಡುಗಳನ್ನು ಹಾಕಿ, ಮೇಲೆ ಮತ್ತೆ ನಾರು ತುಂಬಿ, ಕೊನೆಗೆ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಬೇಕು. ಕೇಪಿನ ಹೊರತು ಒಳಗೆ ತುಂಬಿದ್ದಷ್ಟೂ ‘ಈಡು’. ಕೆಡು-ಕೇಡು, ಬಿಡು-ಬೀಡು ಇದ್ದ ಹಾಗೆ ಇಡು-ಈಡು, ಅಚ್ಚಗನ್ನಡ. ‘ಕೋವಿ’ ಎಂದರೆ ಮೊದಲು ಬರಿಯ ಕೊಳವೆ. ಹೊಸ ಆಯುಧ ಬಂದಾಗ ನಮ್ಮವರು ಹಳೆಯ ಪದಕ್ಕೇ ಹೊಸ ಕೆಲಸ ಕೊಟ್ಟರು. ಅದೇ ಜನ ಗಜವನ್ನು ಪಾರಸಿಯಿಂದಲೂ ಕೇಪನ್ನು ಇಂಗ್ಲಿಷಿನಿಂದಲೂ ಪಡೆದರು, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಸಲ ಆನೆ ಹಿಡಿದಾಗಲೂ ಅದು ‘ಖೆಡ್ಡಾ’ ಎಂದೇ ನಡೆಯಿತು. ಅದಕ್ಕೆ ಇಂದು ಕುಳಿತು ಅಚ್ಚಗನ್ನಡದ ಪದ ಕಟ್ಟಿದರೆ ಕಾಕನಕೋಟೆ ಇರುವ ಎಚ್.ಡಿ. ಕೋಟೆಯವರಿಗೇ ಅರ್ಥವಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು, ಅದು ನಿಲ್ಲಲೇಬೇಕಿತ್ತು. ಆದರೆ ಅದರ ಜೊತೆ ಈ ಮಾತುಗಳೂ ಕಿವಿಯಿಂದ ಜಾರುತ್ತಿವೆ. ಫಲಕದಲ್ಲಾದರೂ ಅವು ಜನ ಆಡಿದಂತೆಯೇ ಇರಲಿ.

ಕೇಳಿದವರಿಗೆ: ಶೀರ್ಷಿಕೆಗೆ ‘ಬೇಟೆಯ ಸನ್ನಾಹ’ ಎಂದಿಡಿ. ಅದು ಸಿದ್ಧತೆ ಎಂಬ ಅರ್ಥದ ಸಂಸ್ಕೃತ ಪದ, ಅದರ ಧಾತು ‘ನಹ್’, ಕಟ್ಟುವುದು; ಕಾಲಿಗೆ ಕಟ್ಟುವ ಪಾದರಕ್ಷೆ ‘ಉಪಾನಹ’ವೂ ಅಲ್ಲಿಂದಲೇ. ಪಟ್ಟಿ ಸುತ್ತಿಕೊಳ್ಳುವವನಿಗೂ ಕೋವಿ ಒರೆಸುವವನಿಗೂ ಒಂದೇ ಪದ ಸಲ್ಲುತ್ತದೆ. ವಿವರಣೆಯಲ್ಲಿ ‘ಶಿಕಾರಿ’, ‘ಸರಂಜಾಮು’ ಧಾರಾಳವಾಗಿ ಬರಲಿ. ಮಚಾನಿಗೆ ಮಾತ್ರ ‘ಮಂಚಿಕೆ’ ಬಳಸಿ. ಹೊಲ ಕಾಯುವವರ ಬಾಯಲ್ಲಿ ಆ ಪದ ಇದೆ, ಮಕ್ಕಳಿಗೂ ತಿಳಿಯುತ್ತದೆ. ‘ವೀಕ್ಷಣಾ ವೇದಿಕೆ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಮೊದಲು ಉತ್ತರಿಸಿದವರು:

ಪಾರಸಿಯಿಂದ ಬಿಡಿಸಿ ಸಂಸ್ಕೃತಕ್ಕೆ ಒಪ್ಪಿಸಿದಿರಿ. ‘ಸಾಮಾನು’ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ಬೇಟೆಗೆ ಅಣಿ’ ಎಂದು ಬರೆದರೆ ಕೋವಿಯೂ ಅಣಿ, ಆಳೂ ಅಣಿ; ಫಲಕದಲ್ಲಿ ಜಾಗವೂ ಉಳಿಯುತ್ತದೆ. ಮಂಚಿಕೆಗೆ ನನ್ನ ಆಕ್ಷೇಪವಿಲ್ಲ. ಸನ್ನಾಹಕ್ಕೆ ಇದೆ.